20 ಮಿಲಿಗ್ರಾಂ ಔಷಧಿ, ದಿನಕ್ಕೊಂದು ಕನ್ನಡ ವಾಕ್ಯ: ಮುಂಬೈಯಲ್ಲಿ ಕ್ಯಾನ್ಸರ್ ಇಮ್ಯುನೊಥೆರಪಿ

ಬಾಗಲಕೋಟೆ, ವಿಜಯಪುರ, ಕಲಬುರಗಿ ಕಡೆಯಿಂದ ಕ್ಯಾನ್ಸರ್ ಚಿಕಿತ್ಸೆಗೆ ಮುಂಬೈಗೆ ಹೊರಡುವವರು ಪರೇಲ್‌ನ ಟಾಟಾ ಆಸ್ಪತ್ರೆಗೆ ಕಾಲಿಡುವ ಮೊದಲೇ ಇಲ್ಲಿರುವ ನೆಂಟರಿಷ್ಟರಿಗೆ ಫೋನ್ ಹಚ್ಚುತ್ತಾರೆ. ಡೊಂಬಿವಲಿಯಲ್ಲೋ ನೆರೂಳಿನಲ್ಲೋ ನೆಲೆಸಿರುವ ಕನ್ನಡಿಗರಿಗೆ ಈಗೀಗ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಕ್ಯಾನ್ಸರ್‌ಗೆ ಲಸಿಕೆ ಬಂದೈತಂತ, ನಮ್ಮ ಕಾಕಾಗ ಹಾಕಸಬಹುದೇನು?” ಅದರ ಬೆನ್ನಿಗೇ ಇನ್ನೊಂದು: “ಇಮ್ಯುನೊಥೆರಪಿ ಅಂದ್ರ ಎಷ್ಟು ಲಕ್ಷ ಆಗ್ತೈತಿ?” ಇಮ್ಯುನೊಥೆರಪಿ ಎಂದರೆ ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಹೂಡುವ ಚಿಕಿತ್ಸೆ. ಎರಡು ಪ್ರಶ್ನೆಗೂ ಒಂದೇ ಮಾತಿನ ಉತ್ತರವಿಲ್ಲ. ಆದರೆ ಉತ್ತರದ ದೊಡ್ಡ ಪಾಲು ಮುಂಬೈಯಲ್ಲೇ ನಡೆದ ಸಂಶೋಧನೆಯಲ್ಲಿದೆ. ಔಷಧಿಯ ಹೆಸರು ಗೊತ್ತಿದ್ದರೆ ಸಾಲದು. ಅದನ್ನು ಎಷ್ಟು ಕೊಡುತ್ತಾರೆ, ರೋಗದ ಯಾವ ಹಂತದಲ್ಲಿ ಕೊಡುತ್ತಾರೆ, ಕೊಟ್ಟ ಮೇಲೆ ಯಾರು ಕಣ್ಣಿಟ್ಟಿರುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮನೆಯವರಿಗೆ ಯಾರೂ ಕೂತು ಬಿಡಿಸಿ ಹೇಳದ ಆ ವಿವರಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ.

ತಡೆಯುವ ಲಸಿಕೆಯ ವಿಷಯ ಬೇಗ ಮುಗಿಸುತ್ತೇನೆ. ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ, ಯಕೃತ್ತಿನ ಕ್ಯಾನ್ಸರ್‌ನ ಒಂದು ಮುಖ್ಯ ಕಾರಣವನ್ನು ತಡೆಯುವ ಹೆಪಟೈಟಿಸ್ ಬಿ ಲಸಿಕೆ, ಎರಡೂ ವೈರಸ್ ಮೈಗೆ ಅಂಟುವ ಮೊದಲು ಕೊಡಬೇಕಾದವು. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನ ಸರ್ವವ್ಯಾಕ್‌ಗೆ 2022ರಲ್ಲಿ ಅನುಮತಿ ಸಿಕ್ಕಿತು. ಅದು ಎಚ್‌ಪಿವಿಯ 6, 11, 16, 18 ಎಂಬ ನಾಲ್ಕು ಬಗೆಗಳ ವಿರುದ್ಧ ಕೆಲಸ ಮಾಡುತ್ತದೆ. 9ರಿಂದ 14 ವರ್ಷದವರಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್, 15 ದಾಟಿದವರಿಗೆ ಮೂರು ಡೋಸ್ ಎಂಬುದು ಅದರ ಪಟ್ಟಿ. ಮನೆಯಲ್ಲಿ ಆ ವಯಸ್ಸಿನ ಮಕ್ಕಳಿದ್ದರೆ ಹಾಕಿಸಿ. ಆದರೆ ಈಗಾಗಲೇ ಗಡ್ಡೆ ಇರುವ ಅತ್ತೆಗೋ ಚಿಕ್ಕಮ್ಮನಿಗೋ ಇದರಿಂದ ಚಿಕಿತ್ಸೆ ಆಗುವುದಿಲ್ಲ.

ಇನ್ನು ಇಮ್ಯುನೊಥೆರಪಿ. ನಮ್ಮ ರಕ್ತದ ಟಿ ಕೋಶಗಳು ರೋಗಪೀಡಿತ ಕೋಶಗಳನ್ನು ಗುರುತಿಸಿ ಕೊಲ್ಲುತ್ತವೆ. ಅವು ಮಿತಿ ಮೀರಿ ಸ್ವಂತ ಅಂಗಗಳನ್ನೇ ತಿನ್ನದಿರಲಿ ಎಂದು ಅವುಗಳ ಮೇಲೆ ಪಿಡಿ-1 ಎಂಬ ಪ್ರೋಟೀನ್ ಇದೆ. ಇದು ಒಂದು ಬ್ರೇಕ್. ಗಡ್ಡೆಯ ಕೋಶಗಳು ತಮ್ಮ ಮೈಮೇಲೆ ಪಿಡಿ-ಎಲ್1 ಎಂಬ ಪ್ರೋಟೀನ್ ಹೊತ್ತು ಆ ಬ್ರೇಕನ್ನು ಒತ್ತಿ ಹಿಡಿಯುತ್ತವೆ. ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಎಂಬ ಪ್ರತಿಕಾಯಗಳು ಪಿಡಿ-1ನ ಮೇಲೆ ಕೂತು ಆ ಹಿಡಿತ ಬಿಡಿಸುತ್ತವೆ. ಈ ದಾರಿ ತೆರೆದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು. ಗಮನಿಸಿ: ಈ ಔಷಧಿ ತಾನಾಗಿ ಕ್ಯಾನ್ಸರ್ ಕೋಶವನ್ನು ಕೊಲ್ಲುವುದಿಲ್ಲ, ಕೊಲ್ಲುವ ಕೆಲಸ ರೋಗಿಯ ಟಿ ಕೋಶಗಳದ್ದು. ಆದ್ದರಿಂದಲೇ ಡೋಸ್ ಎರಡು ಪಟ್ಟು ಮಾಡಿದರೆ ಗುಣ ಎರಡು ಪಟ್ಟಾಗುವುದಿಲ್ಲ. ಪಿಡಿ-1 ಎಲ್ಲ ತುಂಬಿದ ಮೇಲೆ ಸುರಿದ ಔಷಧಿಗೆ ಕೂರಲು ಜಾಗವೇ ಇಲ್ಲ. ನಿವೊಲುಮ್ಯಾಬ್‌ನ ಆರಂಭದ ಅಧ್ಯಯನದಲ್ಲೇ ಇದು ಕಂಡಿತ್ತು: ಕೆಜಿಗೆ 0.1 ಮಿಲಿಗ್ರಾಂ ಕೊಟ್ಟರೂ 10 ಮಿಲಿಗ್ರಾಂ ಕೊಟ್ಟರೂ ರಕ್ತದ ಟಿ ಕೋಶಗಳಲ್ಲಿ ಪಿಡಿ-1 ತುಂಬುವ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಈ ಎಳೆಯನ್ನು ಹಿಡಿದು ಕೆಲಸ ಮಾಡಿದ್ದು ಟಾಟಾ ಮೆಮೋರಿಯಲ್‌ನ ತಂಡ. ಬಾಯಿ, ಗಂಟಲು ಕ್ಯಾನ್ಸರ್ ಮರುಕಳಿಸಿ ಅಥವಾ ಪತ್ತೆಯಾಗುವಾಗಲೇ ಬಲಿತು, ಶಸ್ತ್ರಚಿಕಿತ್ಸೆಗೂ ರೇಡಿಯೇಷನ್‌ಗೂ ಎಟುಕದ ಹಂತಕ್ಕೆ ಬಂದವರ ಮೇಲೆ ನಡೆದ ಪ್ರಯೋಗ ಅದು. ನಮ್ಮಂಥ ದೇಶಗಳಲ್ಲಿ ಮಾನ್ಯವಾದ ದುಬಾರಿ ಔಷಧಿಗಳು ಇಂಥ ರೋಗಿಗಳಲ್ಲಿ ನೂರಕ್ಕೆ ಒಬ್ಬರಿಂದ ಮೂವರಿಗಷ್ಟೇ ಎಟುಕುತ್ತವೆ ಎಂಬ ಮಾತಿನಿಂದಲೇ ಅವರ ಪ್ರಬಂಧ ಶುರುವಾಗುತ್ತದೆ. 151 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಎರಡೂ ಗುಂಪಿಗೆ ಬಾಯಿಂದ ತೆಗೆದುಕೊಳ್ಳುವ ಮೂರು ಮಾತ್ರೆ: ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ (ಮೈಮೇಲ್ಮೈಯ ಚದರ ಮೀಟರ್‌ಗೆ 9 ಮಿಲಿಗ್ರಾಂ), ದಿನಕ್ಕೆ ಎರಡು ಸಲ ಸೆಲೆಕಾಕ್ಸಿಬ್ 200 ಮಿಲಿಗ್ರಾಂ, ದಿನಕ್ಕೊಮ್ಮೆ ಎರ್ಲೊಟಿನಿಬ್ 150 ಮಿಲಿಗ್ರಾಂ. ಒಂದು ಗುಂಪಿಗೆ ಮಾತ್ರ ಇದರ ಜೊತೆ ಮೂರು ವಾರಕ್ಕೊಮ್ಮೆ ನಿವೊಲುಮ್ಯಾಬ್ 20 ಮಿಲಿಗ್ರಾಂ. ಒಂದು ವರ್ಷದ ಕೊನೆಗೆ ಬದುಕಿದ್ದವರು ಮಾತ್ರೆ ಮಾತ್ರ ಪಡೆದ ಗುಂಪಿನಲ್ಲಿ 16.3%, ನಿವೊಲುಮ್ಯಾಬ್ ಸೇರಿದ ಗುಂಪಿನಲ್ಲಿ 43.4%. ತೀವ್ರ ಅಡ್ಡಪರಿಣಾಮ ಹೆಚ್ಚಾಗಲಿಲ್ಲ.

20 ಮಿಲಿಗ್ರಾಂ ಎಷ್ಟು ಕಡಿಮೆ ಎಂದು ಲೆಕ್ಕ ಹಾಕಿ ನೋಡಿ. ಸಾಮಾನ್ಯ ಡೋಸ್ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ, ಅಂದರೆ ಆರು ವಾರಕ್ಕೆ 720. ಟಾಟಾ ಪದ್ಧತಿಯಲ್ಲಿ ಆರು ವಾರಕ್ಕೆ 40. ಹದಿನೆಂಟರಲ್ಲಿ ಒಂದು ಪಾಲು. ಈ ಔಷಧಿ ಮಿಲಿಲೀಟರ್‌ಗೆ 10 ಮಿಲಿಗ್ರಾಂ ಇರುತ್ತದೆ. ಹಾಗಾಗಿ ರೋಗಿಯ ಸಲೈನ್‌ಗೆ ಸೇರುವುದು ಬರೀ 2 ಮಿಲಿಲೀಟರ್. 40 ಮಿಲಿಗ್ರಾಂ ವಯಲ್ (ಔಷಧಿಯ ಚಿಕ್ಕ ಸೀಸೆ) ಇಬ್ಬರಿಗೆ, 100 ಮಿಲಿಗ್ರಾಂ ವಯಲ್ ಐವರಿಗೆ. ಉಳಿತಾಯ ನಿಜವಾಗುವುದು ಇಲ್ಲಿಯೇ, ತಪ್ಪುವುದೂ ಇಲ್ಲಿಯೇ. ವಯಲ್‌ನಲ್ಲಿ ಕೆಡದಂತೆ ಕಾಯುವ ರಾಸಾಯನಿಕ ಯಾವುದೂ ಇಲ್ಲ. ರಬ್ಬರ್ ಮುಚ್ಚಳಕ್ಕೆ ಸೂಜಿ ಚುಚ್ಚಿದ ಮೇಲೆ ಅದನ್ನು ಸ್ವಚ್ಛ ಗಾಳಿಯ ಕ್ಯಾಬಿನೆಟ್‌ನಲ್ಲಿ, ಅದೇ ದಿನ, ಎಲ್ಲರ ಡೋಸನ್ನೂ ಎಳೆದು ಮುಗಿಸಬೇಕು. ಆದ್ದರಿಂದ ಡೇ ಕೇರ್‌ನವರು ಇಂಥ ರೋಗಿಗಳನ್ನು ಒಂದೇ ದಿನಕ್ಕೆ ಕರೆಯುತ್ತಾರೆ. ಆ ದಿನ ತಪ್ಪಿಸಿದರೆ ನಿಮ್ಮ ಪಾಲು ವ್ಯರ್ಥ. ಉಳಿದ ಅರ್ಧ ವಯಲ್ಲನ್ನು ಮನೆಯ ಫ್ರಿಜ್‌ನಲ್ಲಿಟ್ಟು ಮುಂದಿನ ಸಲ ಬಳಸೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದಿರಬಹುದು. ಮುಚ್ಚಿದ ವಯಲ್ 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಬಾರದು, ಕುಲುಕಬಾರದು. ಕುಲುಕಿದರೆ ಪ್ರೋಟೀನ್ ಗಂಟಾಗುತ್ತದೆ. ಹೊರಗಿನ ಅಂಗಡಿಯಲ್ಲಿ ಕೊಂಡು ತರುವವರು ಐಸ್ ಗಡ್ಡೆಗೆ ವಯಲ್ ನೇರವಾಗಿ ತಾಗದಂತೆ ನಡುವೆ ಬಟ್ಟೆಯೋ ರಟ್ಟೋ ಇಟ್ಟು ತನ್ನಿ.

ಈ ಪದ್ಧತಿಯಲ್ಲಿ ಅತಿ ದೊಡ್ಡ ಅಪಾಯ ದುಬಾರಿ ಇಂಜೆಕ್ಷನ್‌ನದಲ್ಲ, ಅಗ್ಗದ ಮೆಥೊಟ್ರೆಕ್ಸೇಟ್ ಮಾತ್ರೆಯದು. ಅದು ವಾರಕ್ಕೆ ಒಂದೇ ದಿನ. 1.5 ಚದರ ಮೀಟರ್ ಮೈಯವರಿಗೆ 13.5 ಮಿಲಿಗ್ರಾಂ ಲೆಕ್ಕಕ್ಕೆ ಬರುತ್ತದೆ, ಅಂದರೆ 2.5 ಮಿಲಿಗ್ರಾಂನ ಐದಾರು ಮಾತ್ರೆ ಒಟ್ಟಿಗೆ. ಉಳಿದೆರಡು ಮಾತ್ರೆ ದಿನಾ ಇರುವುದರಿಂದ ಮನೆಯವರು ಇದನ್ನೂ ದಿನಾ ಕೊಟ್ಟುಬಿಡುತ್ತಾರೆ. ನಾಲ್ಕೈದು ದಿನದಲ್ಲಿ ಬಾಯಿ ತುಂಬ ಹುಣ್ಣು, ಬಿಳಿ ರಕ್ತಕಣ ಕುಸಿತ, ಪ್ರಾಣಕ್ಕೇ ಸಂಚಕಾರ. ಸ್ಟ್ರಿಪ್ ಮೇಲೆ ಮಾರ್ಕರ್‌ನಿಂದ “ಸೋಮವಾರ ಮಾತ್ರ” ಎಂದು ಕನ್ನಡದಲ್ಲಿ ದಪ್ಪಗೆ ಬರೆಯಿರಿ. ಎರ್ಲೊಟಿನಿಬ್ ಖಾಲಿ ಹೊಟ್ಟೆಯಲ್ಲಿ. ಎಸಿಡಿಟಿ ಮಾತ್ರೆ ಕೇಳದೆ ಸೇರಿಸಬೇಡಿ, ಹೊಟ್ಟೆಯ ಆಮ್ಲ ಕಡಿಮೆಯಾದರೆ ಎರ್ಲೊಟಿನಿಬ್ ಸರಿಯಾಗಿ ಮೈಗೆ ಹತ್ತುವುದಿಲ್ಲ.

ಈ ಪ್ರಯೋಗದ ಮಿತಿಯನ್ನೂ ಸ್ಪಷ್ಟವಾಗಿ ಹೇಳಬೇಕು. 20 ಮಿಲಿಗ್ರಾಂ ಎಂಬುದು 240 ಮಿಲಿಗ್ರಾಂಗೆ ಸಮ ಎಂದು ಇದು ತೋರಿಸಿಲ್ಲ. ನಿವೊಲುಮ್ಯಾಬ್ ಇಲ್ಲದ್ದಕ್ಕಿಂತ 20 ಮಿಲಿಗ್ರಾಂ ಇರುವುದು ಮೇಲು ಎಂದು ತೋರಿಸಿದೆ. ಪೂರ್ತಿ ಗುಣವಾಗುವ ಹಂತದಲ್ಲಿರುವ ರೋಗಿಗೆ, ಬೇರೆ ಅಂಗದ ಕ್ಯಾನ್ಸರ್‌ಗೆ ಇದೇ ಲೆಕ್ಕ ಹಚ್ಚಲು ಬರುವುದಿಲ್ಲ. ಪೂರ್ತಿ ಡೋಸ್ ಕೊಳ್ಳಲು ವಿಮೆಯೋ ಯೋಜನೆಯೋ ಇದ್ದರೆ ಅದನ್ನು ಬಿಡಬೇಕಿಲ್ಲ. ಹಣವಿಲ್ಲ ಎಂದು ಊರಿಗೆ ಮರಳಲು ಗಂಟುಮೂಟೆ ಕಟ್ಟಿದವರು ಮಾತ್ರ, ಹೊರಡುವ ಮುನ್ನ ಡಾಕ್ಟರ ಬಳಿ “ಕಡಿಮೆ ಡೋಸ್ ನಿವೊಲುಮ್ಯಾಬ್ ನಮಗೆ ಹೊಂದುತ್ತದೆಯೇ” ಎಂದು ಒಂದು ಸಲ ಕೇಳಲೇಬೇಕು. ಈ ದೇಶದ ಬಡವರ ಲೆಕ್ಕ ಇಟ್ಟುಕೊಂಡು ಹುಟ್ಟಿದ ಪ್ರಶ್ನೆಗೆ ಈ ದೇಶದಲ್ಲೇ ಉತ್ತರ ಹುಡುಕಿದ್ದು ನನಗೆ ಬಹಳ ದೊಡ್ಡ ಕೆಲಸವಾಗಿ ಕಾಣುತ್ತದೆ.

ಬ್ರೇಕ್ ಬಿಟ್ಟ ಮೇಲೆ ಟಿ ಕೋಶಗಳು ಎಲ್ಲಿಗೆ ನುಗ್ಗುತ್ತವೆ ಎಂಬುದು ನಮ್ಮ ಕೈಯಲ್ಲಿಲ್ಲ. ಥೈರಾಯ್ಡ್, ಕರುಳು, ಶ್ವಾಸಕೋಶ, ಯಕೃತ್ತು, ಪಿಟ್ಯೂಟರಿ, ಅಪರೂಪಕ್ಕೆ ಹೃದಯದ ಸ್ನಾಯು, ಎಲ್ಲಿಯೂ ಉರಿಯೂತ ಆಗಬಹುದು. ಔಷಧಿ ನಿಲ್ಲಿಸಿದ ತಿಂಗಳುಗಳ ನಂತರವೂ ಆಗಬಹುದು. ಹಾಗಾಗಿ ಶುರು ಮಾಡುವ ಮೊದಲು ಥೈರಾಯ್ಡ್‌ನ ಟಿಎಸ್‌ಎಚ್, ಯಕೃತ್ತಿನ ಪರೀಕ್ಷೆ, ಮೂತ್ರಪಿಂಡದ ಕ್ರಿಯಾಟಿನಿನ್, ಸಕ್ಕರೆ, ಬೆಳಗಿನ ಕಾರ್ಟಿಸಾಲ್ (ರಕ್ತದೊತ್ತಡ ಕಾಯುವ ಹಾರ್ಮೋನ್) ಮಾಡಿಸಿಟ್ಟುಕೊಂಡಿರಬೇಕು, ನಡುನಡುವೆ ಮತ್ತೆ ನೋಡುತ್ತಿರಬೇಕು. ಟಿಎಸ್‌ಎಚ್ ಏರಿತು ಎಂದು ಥೈರಾಯ್ಡ್ ಮಾತ್ರೆ ಕೊಡುವ ಮೊದಲು ಕಾರ್ಟಿಸಾಲ್ ಸರಿಯಿದೆಯೇ ಎಂದು ನೋಡುವುದು ಮುಖ್ಯ. ಕಾರ್ಟಿಸಾಲ್ ಕಡಿಮೆ ಇದ್ದವರಿಗೆ ಮೊದಲು ಥೈರಾಯ್ಡ್ ಮಾತ್ರೆ ಕೊಟ್ಟರೆ ರಕ್ತದೊತ್ತಡ ಬಿದ್ದು ಕುಸಿಯುತ್ತಾರೆ.

ಊರಲ್ಲಿ ಹೆಚ್ಚು ಎಡವುವುದು ಭೇದಿಯ ವಿಷಯದಲ್ಲಿ. ಎಂದಿಗಿಂತ ದಿನಕ್ಕೆ ನಾಲ್ಕು ಸಲ ಹೆಚ್ಚು ಹೋದರೆ ಎರಡನೇ ದರ್ಜೆ, ಏಳು ಸಲ ಹೆಚ್ಚಾದರೆ ಮೂರನೇ ದರ್ಜೆ. ಮೆಡಿಕಲ್ ಶಾಪ್‌ನವರು ಕೊಡುವ ಭೇದಿ ನಿಲ್ಲಿಸುವ ಮಾತ್ರೆ ಲಕ್ಷಣವನ್ನು ಮುಚ್ಚುತ್ತದೆ, ಕರುಳಿನ ಉರಿಯೂತ ಒಳಗೆ ಬೆಳೆಯುತ್ತಲೇ ಇರುತ್ತದೆ, ಕೊನೆಗೆ ಕರುಳು ತೂತಾಗುವ ತನಕ ಹೋಗಬಹುದು. ಟಾಟಾ ಪದ್ಧತಿಯಲ್ಲಿ ಇನ್ನೊಂದು ತೊಡಕು: ಎರ್ಲೊಟಿನಿಬ್ ಕೂಡ ಭೇದಿ ಮಾಡಿಸುತ್ತದೆ, ಅದಕ್ಕೆ ಆ ಮಾತ್ರೆಯೇ ಸಾಕು. ಎರಡರಲ್ಲಿ ಯಾವುದು ಎಂದು ತೀರ್ಮಾನಿಸುವುದು ಕ್ಯಾನ್ಸರ್ ಡಾಕ್ಟರ ಕೆಲಸ. ಮಲದಲ್ಲಿ ರಕ್ತ, ಲೋಳೆ, ಹೊಟ್ಟೆಯಲ್ಲಿ ನುಲಿತ ಇದ್ದರೆ ಕಾಯಬೇಡಿ. ಚಿಕಿತ್ಸೆ ಸ್ಟೀರಾಯ್ಡ್: ಕೆಜಿಗೆ 1ರಿಂದ 2 ಮಿಲಿಗ್ರಾಂ ಪ್ರೆಡ್ನಿಸೊಲೋನ್, ತಗ್ಗಿದ ಮೇಲೆ ನಾಲ್ಕರಿಂದ ಆರು ವಾರ ಸ್ವಲ್ಪಸ್ವಲ್ಪವಾಗಿ ಇಳಿಸುವುದು. ಆರಾಮಾಯಿತು ಎಂದು ಹತ್ತು ದಿನಕ್ಕೇ ನಿಲ್ಲಿಸಿದವರಲ್ಲಿ ಅದು ಮತ್ತೆ ಕೆರಳುತ್ತದೆ. ಸ್ಟೀರಾಯ್ಡ್‌ಗೆ ಬಗ್ಗದಿದ್ದರೆ ಇನ್‌ಫ್ಲಿಕ್ಸಿಮ್ಯಾಬ್ ಕೊಡುತ್ತಾರೆ. ಮಲಗಿದ್ದ ಟಿಬಿಯನ್ನು ಅದು ಎಬ್ಬಿಸಬಲ್ಲದು, ಆದ್ದರಿಂದ ಮನೆಯಲ್ಲಿ ಯಾರಿಗಾದರೂ ಟಿಬಿ ಆಗಿದ್ದರೆ ಮೊದಲ ದಿನವೇ ಹೇಳಿಬಿಡಿ. ಹೊಸದಾಗಿ ಕೆಮ್ಮು, ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ಕಫದ ಸಿರಪ್ ಕುಡಿದು ಕೂರದೆ ಸಿಟಿ ಸ್ಕ್ಯಾನ್ ಮಾಡಿಸಬೇಕು.

ನವಿ ಮುಂಬೈಯ ಖಾರ್ಘರ್‌ಗೆ ಬರೋಣ. ಟಾಟಾ ಸಂಸ್ಥೆಯ ಕ್ಯಾನ್ಸರ್ ಚಿಕಿತ್ಸೆ, ಸಂಶೋಧನೆಯ ಕೇಂದ್ರ ಆ್ಯಕ್ಟ್ರೆಕ್ ಇರುವುದು ಅಲ್ಲಿ. ಪವಾಯಿಯ ಐಐಟಿ ಬಾಂಬೆಯಲ್ಲಿ ರಾಹುಲ್ ಪುರ್ವಾರ್ ಅವರ ಪ್ರಯೋಗಾಲಯ, ಟಾಟಾದ ಹಸಮುಖ್ ಜೈನ್, ಗೌರವ್ ನರುಲಾ ಮೊದಲಾದ ವೈದ್ಯರು ಸೇರಿ ಬೆಳೆಸಿದ ಕಾರ್-ಟಿ ಚಿಕಿತ್ಸೆ (ರೋಗಿಯದೇ ಟಿ ಕೋಶ ತೆಗೆದು, ಕ್ಯಾನ್ಸರ್ ಗುರುತು ಹಿಡಿಯುವ ಜೀನ್ ಸೇರಿಸಿ ಮರಳಿಸುವುದು) ಇಲ್ಲಿ 2021ರಲ್ಲಿ ಮೊದಲ ರೋಗಿಗೆ ಸಿಕ್ಕಿತು. ನೆಕ್ಸ್‌ಕಾರ್19 ಎಂಬ ಹೆಸರಲ್ಲಿ 2023ರ ಅಕ್ಟೋಬರ್‌ನಲ್ಲಿ ಅನುಮತಿ ಪಡೆದು, 2024ರ ಏಪ್ರಿಲ್‌ನಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರಿಂದ ಲೋಕಾರ್ಪಣೆಯಾಯಿತು. ಅಮೆರಿಕದಲ್ಲಿ ಮೂರು ನಾಲ್ಕು ಕೋಟಿ ದಾಟುವ ಚಿಕಿತ್ಸೆ ಇಲ್ಲಿ ಸುಮಾರು 40 ಲಕ್ಷದ ಆಸುಪಾಸಿಗೆ ಇಳಿಯಿತು. ಕೋಶದೊಳಗೆ ಜೀನ್ ಸೇರಿಸುವ ಲೆಂಟಿವೈರಸ್ ವಾಹಕವನ್ನು ಆಮದು ಮಾಡದೆ ಇಲ್ಲೇ ತಯಾರಿಸಿದ್ದು ಅದಕ್ಕೆ ಮುಖ್ಯ ಕಾರಣ. ನಮ್ಮ ಬೆಂಗಳೂರಿನ ಇಮ್ಯುನೀಲ್ ಕೂಡ 2025ರಲ್ಲಿ ಕಾರ್ಟೆಮಿ ಎಂಬ ಕಾರ್-ಟಿ ಹೊರತಂದಿದೆ. ದಕ್ಷಿಣ ಕರ್ನಾಟಕದ ಲಿಂಫೋಮಾ ಎಂಬ ರಕ್ತದ ಕ್ಯಾನ್ಸರ್‌ನ ರೋಗಿಗಳು ಮುಂಬೈ ಟಿಕೆಟ್ ತೆಗೆಸುವ ಮುನ್ನ ಅದನ್ನೂ ವಿಚಾರಿಸಬಹುದು.

ಇದು ಎಲ್ಲ ಕ್ಯಾನ್ಸರ್‌ಗೂ ಅಲ್ಲ. ಸಿಡಿ19 ಎಂಬ ಗುರುತು ಮೈಮೇಲಿರುವ ಬಿ ಕೋಶಗಳ (ಬಿಳಿ ರಕ್ತಕಣಗಳ ಒಂದು ಬಗೆ) ಲ್ಯುಕೇಮಿಯಾ, ಲಿಂಫೋಮಾ, ಅದರಲ್ಲೂ ಬೇರೆ ಚಿಕಿತ್ಸೆಗೆ ಬಗ್ಗದೆ ಅಥವಾ ಮರುಕಳಿಸಿ ಬಂದದ್ದಕ್ಕೆ ಮಾತ್ರ. ಬಾಯಿಗೋ ಸ್ತನಕ್ಕೋ ಸದ್ಯ ಇದು ಹೊಂದುವುದಿಲ್ಲ. ಗಟ್ಟಿ ಗಡ್ಡೆಗಳಲ್ಲಿ ಎಲ್ಲ ಕೋಶಗಳ ಮೇಲೂ ಇದ್ದು, ಬೇರೆ ಅಂಗದಲ್ಲಿ ಇಲ್ಲದ ಗುರುತು ಸಿಗುವುದು ಕಷ್ಟ. ಸಿಡಿ19 ಹಾಗಲ್ಲ. ಕ್ಯಾನ್ಸರ್ ಕೋಶದ ಜೊತೆ ಒಳ್ಳೆಯ ಬಿ ಕೋಶಗಳೂ ಸತ್ತರೂ ಮನುಷ್ಯ ಬದುಕಬಲ್ಲ.

ಕೆಲಸ ಶುರುವಾಗುವುದು ಏಫೆರೆಸಿಸ್‌ನಿಂದ. ಒಂದು ಕೈಯಿಂದ ರಕ್ತ ಯಂತ್ರಕ್ಕೆ ಹೋಗಿ, ಬಿಳಿ ಕಣಗಳನ್ನು ಅಲ್ಲಿ ಬಿಟ್ಟು, ಇನ್ನೊಂದು ಕೈಗೆ ಮರಳುತ್ತದೆ. ಹೆಚ್ಚುಕಡಿಮೆ ನಾಲ್ಕು ತಾಸು. ರಕ್ತ ಹೆಪ್ಪುಗಟ್ಟದಂತೆ ಬೆರೆಸುವ ಸಿಟ್ರೇಟ್ ಕ್ಯಾಲ್ಸಿಯಂ ಎಳೆಯುವುದರಿಂದ ತುಟಿ, ಬೆರಳ ತುದಿ ಜುಮ್ಮೆನ್ನುತ್ತದೆ. ಹೇಳಿದರೆ ಕ್ಯಾಲ್ಸಿಯಂ ಕೊಡುತ್ತಾರೆ. ಈ ದಿನಕ್ಕೆ ಮುಂಚೆ ಸ್ಟೀರಾಯ್ಡ್ ನಿಲ್ಲಿಸಿರಬೇಕು, ಟಿ ಕೋಶಗಳನ್ನು ಅದು ಕೊಲ್ಲುತ್ತದೆ. ಬೆಂಡಮಸ್ಟಿನ್ ಎಂಬ ಕಿಮೊ ತಿಂಗಳುಗಟ್ಟಲೆ ಟಿ ಕೋಶಗಳನ್ನು ಬಡವಾಗಿಸುತ್ತದೆ. ಮುಂದೆ ಕಾರ್-ಟಿ ಬೇಕಾಗಬಹುದು ಎನಿಸುವ ಲಿಂಫೋಮಾ ರೋಗಿಗೆ ಅದನ್ನು ಕೊಡುವ ಮೊದಲು ಡಾಕ್ಟರ್ ಎರಡು ಸಲ ಯೋಚಿಸಬೇಕು, ನೀವೂ ಕೇಳಬೇಕು. ಎಷ್ಟೋ ಸಲ ರೋಗಿ ಬಹಳ ತಡವಾಗಿ, ಆರೇಳು ಬಗೆಯ ಕಿಮೊ ಮುಗಿಸಿ ಬರುತ್ತಾನೆ. ಆಗ ಸಿಗುವ ಟಿ ಕೋಶಗಳು ಕಡಿಮೆ, ಇದ್ದವೂ ಸುಸ್ತಾದವು.

ತೆಗೆದ ಟಿ ಕೋಶಗಳನ್ನು ಪ್ರಯೋಗಾಲಯದಲ್ಲಿ ಎಚ್ಚರಿಸಿ, ಲೆಂಟಿವೈರಸ್ ಮೂಲಕ ಸಿಡಿ19 ಹಿಡಿಯುವ ಜೀನ್ ಸೇರಿಸಿ, ಸುಮಾರು ಒಂದೂವರೆ ವಾರ ಬೆಳೆಸುತ್ತಾರೆ. ಆಮೇಲೆ ಪರೀಕ್ಷೆಗಳು: ಎಷ್ಟು ಕೋಶ ಜೀವಂತ, ಎಷ್ಟರಲ್ಲಿ ಹೊಸ ಜೀನ್ ಕೂತಿದೆ, ಕೋಶವೊಂದಕ್ಕೆ ಎಷ್ಟು ಪ್ರತಿ, ಬ್ಯಾಕ್ಟೀರಿಯಾ, ಶಿಲೀಂಧ್ರ, ಮೈಕೊಪ್ಲಾಸ್ಮಾ ಇದೆಯೇ. ಒಂದರಲ್ಲಿ ನಪಾಸಾದರೂ ಚೀಲ ಆಚೆ ಬರುವುದಿಲ್ಲ. ಪಾಸಾದದ್ದು ದ್ರವ ಸಾರಜನಕದ ಆವಿಯಲ್ಲಿ ಸೊನ್ನೆಗಿಂತ 150 ಡಿಗ್ರಿ ಕೆಳಗೆ ಕಾಯುತ್ತದೆ. ಒಬ್ಬರ ಕೋಶ ಇನ್ನೊಬ್ಬರಿಗೆ ಹೋದರೆ ಅನಾಹುತ, ಹಾಗಾಗಿ ಪ್ರತಿ ಹಂತದಲ್ಲೂ ಹೆಸರು, ನೋಂದಣಿ ಸಂಖ್ಯೆ ತಾಳೆ ನೋಡುತ್ತಾರೆ. ಕೈಪಟ್ಟಿಯಲ್ಲಿ ನಿಮ್ಮವರ ಹೆಸರಿನ ಸ್ಪೆಲಿಂಗ್ ಆಧಾರ್‌ನಲ್ಲಿರುವಂತೆಯೇ ಇದೆಯೇ ಎಂದು ದಾಖಲಾತಿಯ ದಿನವೇ ನೋಡಿ. ಕನ್ನಡದ ಹೆಸರುಗಳು ಮುಂಬೈಯ ಕಂಪ್ಯೂಟರಿನಲ್ಲಿ ಬೇರೆಬೇರೆ ಅವತಾರ ತಾಳುತ್ತವೆ.

ಕೋಶ ಮರಳಿಸುವ ಮೊದಲು ಮೂರು ದಿನ ಫ್ಲುಡರಾಬಿನ್ ಮತ್ತು ಸೈಕ್ಲೊಫಾಸ್ಫಮೈಡ್ ಕೊಟ್ಟು ಹಳೆಯ ಲಿಂಫೋಸೈಟ್‌ಗಳನ್ನು ತೆರವು ಮಾಡುತ್ತಾರೆ. ಹೊಸಬರಿಗೆ ಜಾಗವೂ ಬೆಳವಣಿಗೆಯ ಪೋಷಕಾಂಶಗಳೂ ಸಿಗಲೆಂದು. ಫ್ಲುಡರಾಬಿನ್ ಪಡೆದವರಿಗೆ ಮುಂದೆ ರಕ್ತ ಏರಿಸಬೇಕಾದರೆ ಅದು ವಿಕಿರಣ ಹಾಯಿಸಿದ ರಕ್ತವೇ ಆಗಿರಬೇಕು. ಊರಿನ ಬ್ಲಡ್ ಬ್ಯಾಂಕ್‌ಗೆ ಇದು ಗೊತ್ತಿರುವುದಿಲ್ಲ, ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ಕೋಶ ಕೊಡುವ ದಿನ ನೋಡಲು ಏನೂ ಇಲ್ಲ: ಚೀಲವನ್ನು 37 ಡಿಗ್ರಿ ನೀರಿನಲ್ಲಿ ಕರಗಿಸಿ ಅರ್ಧ ತಾಸಿನೊಳಗೆ ಡ್ರಿಪ್‌ನಲ್ಲಿ ಹಾಕುತ್ತಾರೆ. ಕೋಶ ಕಾಪಾಡಲು ಬೆರೆಸಿದ ಡಿಎಂಎಸ್‌ಒದಿಂದಾಗಿ ಕೋಣೆಯಲ್ಲಿ ಒಂದು ಬಗೆಯ ಬೆಳ್ಳುಳ್ಳಿ ವಾಸನೆ. ಗಾಬರಿ ಬೇಡ.

ಗಾಬರಿಯಾಗಬೇಕಾದದ್ದು ನಂತರದ ಎರಡು ವಾರ. ಜ್ವರ 38 ಡಿಗ್ರಿ ಮುಟ್ಟಿದರೆ ಸೈಟೊಕೈನ್ ಬಿರುಗಾಳಿಯ (ಕೆರಳಿದ ಕೋಶಗಳು ಉರಿಯೂತದ ರಾಸಾಯನಿಕಗಳನ್ನು ಒಮ್ಮೆಲೇ ಸುರಿಸುವುದು) ಶುರು ಎಂದೇ ಹಿಡಿಯುತ್ತಾರೆ. ರಕ್ತದೊತ್ತಡ ಇಳಿದರೆ, ಆಮ್ಲಜನಕ ಬೇಕಾದರೆ ಅದನ್ನು ತಣಿಸುವ ಟೊಸಿಲಿಜುಮ್ಯಾಬ್, ಕೆಜಿಗೆ 8 ಮಿಲಿಗ್ರಾಂ, ಒಂದು ಸಲಕ್ಕೆ 800 ಮಿಲಿಗ್ರಾಂ ಮೀರದಂತೆ. ಆಸ್ಪತ್ರೆಯಿಂದ ಹೊರಬಂದ ಮೇಲೂ ಒಂದು ತಿಂಗಳ ಮಟ್ಟಿಗೆ ಹತ್ತಿರದಲ್ಲೇ ಇರಬೇಕು, ಯಾರಾದರೊಬ್ಬರು ಸದಾ ಜೊತೆಗಿರಬೇಕು. ಬೇಲಾಪುರ, ನೆರೂಳ್, ವಾಶಿಯ ಕನ್ನಡ ಕುಟುಂಬಗಳು ನೆಂಟರಿಗೆ ಮಾಡಬಹುದಾದ ದೊಡ್ಡ ಉಪಕಾರ ಇದೇ: ಒಂದು ಕೋಣೆ, ಒಂದು ಥರ್ಮಾಮೀಟರ್, ರಾತ್ರಿ ಎರಡಕ್ಕೂ ಹೊರಡುವ ಸಿದ್ಧತೆ. ಜ್ವರಕ್ಕೆ ಡೋಲೊ ಕೊಟ್ಟು ಬೆಳಗಾಗಲಿ ಎನ್ನಬೇಡಿ.

ಎರಡನೆಯ ಅಪಾಯ ಮಿದುಳಿನದು. ಅದನ್ನು ಮೊದಲೇ ಹಿಡಿಯುವ ಪರೀಕ್ಷೆಗೆ ಯಂತ್ರ ಬೇಡ. ಹತ್ತು ಅಂಕದ ಪ್ರಶ್ನಾವಳಿ: ವರ್ಷ, ತಿಂಗಳು, ಊರು, ಆಸ್ಪತ್ರೆ ಹೇಳುವುದಕ್ಕೆ ನಾಲ್ಕು. ತೋರಿಸಿದ ಮೂರು ವಸ್ತು ಹೆಸರಿಸುವುದಕ್ಕೆ ಮೂರು. ಹೇಳಿದಂತೆ ಮಾಡುವುದಕ್ಕೆ ಒಂದು. ನೂರರಿಂದ ಹತ್ತತ್ತು ಕಳೆಯುತ್ತ ಬರುವುದಕ್ಕೆ ಒಂದು. ಒಂದು ವಾಕ್ಯ ಬರೆಯುವುದಕ್ಕೆ ಒಂದು. ಕೈಬರಹ ಬಹಳ ಬೇಗ ಕೆಡುವ ಲಕ್ಷಣಗಳಲ್ಲಿ ಒಂದು. ನಿನ್ನೆ ಗುಂಡಗಿದ್ದ ಅಕ್ಷರ ಇಂದು ನಡುಗಿ, ಒತ್ತು ಜಾರಿ, ಸಾಲು ಕೆಳಗೆ ಇಳಿದಿದ್ದರೆ ಮಾತು ತೊದಲುವ ಮೊದಲೇ ಎಚ್ಚರ ಸಿಗುತ್ತದೆ, ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಸಮಯಕ್ಕೆ ಸಿಗುತ್ತದೆ. ಮರಾಠಿ, ಹಿಂದಿ, ಮಲಯಾಳ ಬಲ್ಲ ನರ್ಸ್‌ಗಳ ನಡುವೆ ಕನ್ನಡ ಮಾತ್ರ ಬಲ್ಲ ಜಮಖಂಡಿಯ ಅಜ್ಜಿ ಇದರಲ್ಲಿ ಸೋತಂತೆ ಕಾಣಬಹುದು, ಅಥವಾ ನಿಜವಾಗಿ ಸೋತದ್ದು ಯಾರಿಗೂ ತಿಳಿಯದೆ ಹೋಗಬಹುದು. ಆದ್ದರಿಂದ ದಾಖಲಾದ ಮೊದಲ ದಿನವೇ, ಕೋಶ ಕೊಡುವ ಮೊದಲು, ಅವರ ಕೈಯಿಂದಲೇ ಒಂದು ಚಿಕ್ಕ ಕನ್ನಡ ವಾಕ್ಯ ಬರೆಸಿ: “ನಮ್ಮ ಮನೆಯ ಮುಂದೆ ಬೇವಿನ ಮರ ಇದೆ.” ಹತ್ತೂ ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದು, ನರ್ಸ್ ಓದಿ ಹೇಳಲು ಬರುವಂತೆ ಕೆಳಗೆ ದೇವನಾಗರಿಯಲ್ಲಿ ಉಚ್ಚಾರಣೆ ಕೊಟ್ಟು ಹಾಸಿಗೆಯ ತಲೆಭಾಗಕ್ಕೆ ಅಂಟಿಸಿ. ಅದೇ ನೋಟ್‌ಬುಕ್‌ನಲ್ಲಿ, ಅದೇ ಪೆನ್ನಿನಲ್ಲಿ, ಅದೇ ವಾಕ್ಯವನ್ನು ಬೆಳಿಗ್ಗೆ ಸಂಜೆ ಬರೆಸಿ. ಓದು ಬರಹ ಬಾರದವರಾದರೆ ಸಹಿಯನ್ನೋ, ಒಂದು ರಂಗೋಲಿ ಎಳೆಯನ್ನೋ ಬರೆಸುವ ಬಗ್ಗೆ ವೈದ್ಯರ ಜೊತೆ ಮೊದಲೇ ಮಾತಾಡಿಕೊಳ್ಳಿ.

ಫಲ ಎಷ್ಟು? 2025ರಲ್ಲಿ ಲ್ಯಾನ್ಸೆಟ್ ಹೆಮಟಾಲಜಿಯಲ್ಲಿ ಬಂದ ನೆಕ್ಸ್‌ಕಾರ್19ರ ವರದಿಯಲ್ಲಿ ಚಿಕಿತ್ಸೆಗೆ ಸ್ಪಂದಿಸಿದವರು 73%. ಎಲ್ಲ ದಾರಿ ಮುಗಿದವರಲ್ಲಿ ಇದು ದೊಡ್ಡದು. ಆದರೆ ಸ್ಪಂದಿಸುವುದು ಬೇರೆ, ಗುಣವಾಗಿ ಉಳಿಯುವುದು ಬೇರೆ. ಕೆಲವರಲ್ಲಿ ಕ್ಯಾನ್ಸರ್ ಕೋಶ ಸಿಡಿ19 ಗುರುತನ್ನೇ ಕಳಚಿಕೊಂಡು ಮರಳುತ್ತದೆ, ಕೆಲವರಲ್ಲಿ ಕಾರ್-ಟಿ ಕೋಶಗಳೇ ಬೇಗ ಮಾಯವಾಗುತ್ತವೆ. ಹೊಲ ಮಾರುವ ಮುನ್ನ ಈ ಪ್ರಶ್ನೆಯನ್ನು ನೇರವಾಗಿ ಕೇಳಿ.

ಈಗ ಚಿಕಿತ್ಸೆಯ ಲಸಿಕೆ. ಹಳೆಯದೊಂದು ನಮ್ಮ ಪಕ್ಕದ ಪುಣೆಯಲ್ಲೇ ತಯಾರಾಗುತ್ತದೆ: ಸೀರಂ ಸಂಸ್ಥೆಯ, ಮಾಸ್ಕೋ ತಳಿಯ ಆಂಕೊ ಬಿಸಿಜಿ. ಕೂಸುಗಳಿಗೆ ಟಿಬಿ ವಿರುದ್ಧ ಹಾಕುವ ಬಿಸಿಜಿಯನ್ನೇ ಬಹಳ ಹೆಚ್ಚಿನ ಪ್ರಮಾಣದಲ್ಲಿ ಮೂತ್ರಕೋಶದೊಳಗೆ ತುಂಬುವ ವಿಧಾನವನ್ನು 1976ರಲ್ಲಿ ಕೆನಡಾದ ಆಲ್ವಾರೊ ಮೊರಾಲೆಸ್ ತಂಡ ಪ್ರಕಟಿಸಿತು. ಸ್ನಾಯುವಿಗೆ ಇಳಿಯದ ಮೂತ್ರಕೋಶದ ಕ್ಯಾನ್ಸರ್‌ಗೆ ಇಂದಿಗೂ ಇದೇ ಮುಖ್ಯ ಚಿಕಿತ್ಸೆ. ಗಡ್ಡೆ ಕೆರೆದು ತೆಗೆದು ಕನಿಷ್ಠ ಎರಡು ವಾರವಾದ ಮೇಲೆ, ವಾರಕ್ಕೊಮ್ಮೆ ಆರು ಸಲ. ಎರಡು ತಾಸು ಒಳಗೆ ಹಿಡಿದಿಟ್ಟುಕೊಳ್ಳಬೇಕು, ಹಾಗಾಗಿ ನಾಲ್ಕು ತಾಸು ಮುಂಚೆಯಿಂದ ಚಹಾ, ನೀರು ಕಡಿಮೆ. ಬಿಸಿಜಿ ಜೀವಂತ ಬ್ಯಾಕ್ಟೀರಿಯಾ. ನಳಿಕೆ ಹಾಕುವಾಗ ರಕ್ತ ಬಂದರೆ ಆ ದಿನ ಕೊಡಬಾರದು, ರಕ್ತಕ್ಕೆ ಸೇರಿ ಮೈತುಂಬ ಹರಡಬಹುದು. ಮುಂದಿನ ಆರು ತಾಸು ಗಂಡಸರೂ ಕೂತೇ ಮೂತ್ರ ಮಾಡಬೇಕು. ಕಮೋಡಿಗೆ ಮೂತ್ರದಷ್ಟೇ ಪ್ರಮಾಣದ ಬ್ಲೀಚ್ ಸುರಿದು 15 ನಿಮಿಷ ಬಿಟ್ಟು ಫ್ಲಶ್ ಮಾಡಬೇಕು. ಚಾಳಿನ ಸಾಮೂಹಿಕ ಶೌಚಾಲಯದಲ್ಲಿ ಇದು ಕಷ್ಟ, ಮೊದಲೇ ಏರ್ಪಾಡು ಮಾಡಿಕೊಳ್ಳಿ. ಉರಿ, ಸಣ್ಣ ಜ್ವರ ಒಂದೆರಡು ದಿನ ಸಹಜ. 38.5 ದಾಟಿ ಇಳಿಯದ ಜ್ವರ ಸಹಜವಲ್ಲ. ಉರಿಮೂತ್ರಕ್ಕೆ ಎಂದು ಸಿಪ್ರೊಫ್ಲಾಕ್ಸಸಿನ್ ನುಂಗಿದರೆ ಬಿಸಿಜಿಯೇ ಸತ್ತು ಚಿಕಿತ್ಸೆ ನಿಷ್ಫಲವಾಗಬಹುದು.

ಸುದ್ದಿಯಲ್ಲಿರುವ ಎಂಆರ್‌ಎನ್‌ಎ ಲಸಿಕೆ ಇನ್ನೂ ಪ್ರಯೋಗದ ಹಂತದ್ದು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯ ಚೂರು ಮತ್ತು ರೋಗಿಯ ರಕ್ತ, ಎರಡರ ಡಿಎನ್‌ಎ ಓದಿ, ಗಡ್ಡೆಯಲ್ಲಿ ಮಾತ್ರ ಇರುವ ಬದಲಾವಣೆಗಳನ್ನು ಪಟ್ಟಿ ಮಾಡಿ, ಅವುಗಳಲ್ಲಿ ಆ ರೋಗಿಯ ಎಚ್‌ಎಲ್‌ಎ (ಕೋಶದೊಳಗಿನ ಗುರುತುಗಳನ್ನು ಟಿ ಕೋಶಕ್ಕೆ ಎತ್ತಿ ತೋರಿಸುವ ಪ್ರೋಟೀನ್) ಬಗೆಗೆ ಹೊಂದುವಂಥವನ್ನು ಆರಿಸಿ ಲಸಿಕೆ ತಯಾರಿಸುತ್ತಾರೆ. ಮಾಡರ್ನಾ ಮತ್ತು ಮರ್ಕ್ ಕಂಪನಿಗಳದ್ದರಲ್ಲಿ 34ರವರೆಗೆ ಇಂಥ ಗುರುತುಗಳಿರುತ್ತವೆ. ಒಬ್ಬರದು ಇನ್ನೊಬ್ಬರಿಗೆ ಬಾರದು. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಪೂರ್ತಿ ತೆಗೆದ 157 ಜನರಲ್ಲಿ ಪೆಂಬ್ರೊಲಿಜುಮ್ಯಾಬ್ ಜೊತೆ ಕೊಟ್ಟು ನೋಡಿದಾಗ 18 ತಿಂಗಳಿಗೆ ರೋಗ ಮರುಕಳಿಸದೆ ಇದ್ದವರು 79%, ಲಸಿಕೆ ಇಲ್ಲದವರಲ್ಲಿ 62%. ಪತ್ರಿಕೆಗಳು “44% ಅಪಾಯ ಇಳಿಕೆ” ಎಂದು ಬರೆದದ್ದು ಇದನ್ನೇ. ಸಣ್ಣ ಪ್ರಯೋಗ, ನಿಜವಾದ ಅಪಾಯ ಅನುಪಾತ ಇರಬಹುದಾದ ವ್ಯಾಪ್ತಿ (ವಿಶ್ವಾಸಾಂತರ) 0.309ರಿಂದ 1.017, ಅಂದರೆ ವ್ಯತ್ಯಾಸವೇ ಇಲ್ಲ ಎಂಬರ್ಥದ 1ನ್ನು ತುಸು ದಾಟಿತ್ತು. ಅದಕ್ಕೇ ದೊಡ್ಡ ಮೂರನೇ ಹಂತದ ಪ್ರಯೋಗ. ನ್ಯೂಯಾರ್ಕ್‌ನಲ್ಲಿ ಮೇದೋಜೀರಕದ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾದ 16 ಜನರಿಗೆ ಇಂಥದೇ ಲಸಿಕೆ ಕೊಟ್ಟಾಗ 8 ಜನರಲ್ಲಿ ಟಿ ಕೋಶ ಎಚ್ಚೆತ್ತವು, ಅವರಲ್ಲಿ ರೋಗ ಮರಳಿದ್ದು ಕಡಿಮೆ. ಹೋಲಿಸಲು ಲಸಿಕೆ ಇಲ್ಲದ ಗುಂಪು ಇರಲಿಲ್ಲವಾದ್ದರಿಂದ ಅದನ್ನು ಆಶೆಯ ಸುಳಿವು ಎಂದಷ್ಟೇ ಓದಬೇಕು.

ಎರಡರಲ್ಲೂ ಗಡ್ಡೆ ತೆಗೆದಾಗಿತ್ತು ಎಂಬುದು ಗಮನಿಸಬೇಕಾದ ಸಂಗತಿ. ಹೊಟ್ಟೆ ತುಂಬ ಹರಡಿದ ಗಡ್ಡೆಯೊಳಗೆ ಟಿ ಕೋಶ ನುಗ್ಗಲಾರದು, ನುಗ್ಗಿದರೂ ಬೇಗ ದಣಿಯುತ್ತದೆ, ಎಚ್‌ಎಲ್‌ಎ ಕಳೆದುಕೊಂಡ ಕೋಶ ಅದಕ್ಕೆ ಕಾಣುವುದೇ ಇಲ್ಲ. ಲಸಿಕೆ ತಯಾರಾಗಲು ಬೇಕಾಗುವ ಆರೆಂಟು ವಾರ ಆ ರೋಗಿಯ ಬಳಿ ಇರುವುದೂ ಇಲ್ಲ. ಹಾಗಾಗಿ ಕೊನೆಯ ಹಂತದ ಕಾಕಾಗೆ “ನಿಮ್ಮದೇ ರಕ್ತದಿಂದ ಡೆಂಡ್ರಿಟಿಕ್ ಲಸಿಕೆ ಮಾಡಿಕೊಡುತ್ತೇವೆ” ಎಂದು ಲಕ್ಷಗಳಲ್ಲಿ ಬೆಲೆ ಹೇಳುವವರ ಬಳಿ ಹೋಗಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಆ ಬಗೆಯಲ್ಲಿ ಅಮೆರಿಕದಲ್ಲಿ 2010ರಲ್ಲಿ ಮಾನ್ಯವಾದ ಪ್ರಾಸ್ಟೇಟ್ ಕ್ಯಾನ್ಸರ್‌ನ ಸಿಪುಲ್ಯೂಸೆಲ್-ಟಿ ಕೂಡ ಆಯುಷ್ಯಕ್ಕೆ ಸೇರಿಸಿದ್ದು ಸರಾಸರಿ ನಾಲ್ಕು ತಿಂಗಳು.

ನಿಜವಾದ ಪ್ರಯೋಗವಾದರೆ ಅದಕ್ಕೆ ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಪ್ರಯೋಗಗಳ ದಾಖಲೆ ಪಟ್ಟಿ) ನೋಂದಣಿ ಸಂಖ್ಯೆ ಇರುತ್ತದೆ. ಕೇಳಿ ಪಡೆದು ಅದರ ಜಾಲತಾಣದಲ್ಲಿ ಹುಡುಕಿ: ಯಾವ ಹಂತ, ಯಾವ ಆಸ್ಪತ್ರೆಗಳು, ಯಾರು ಅರ್ಹರು ಎಂಬುದೆಲ್ಲ ಅಲ್ಲಿದೆ. ಪ್ರಯೋಗದಿಂದಲೇ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ ರೋಗಿಯ ಹಕ್ಕು. ಮೊದಲ ಭೇಟಿಗೆ ಬಯಾಪ್ಸಿಯ ಮೇಣದ ಬ್ಲಾಕ್ (ಗಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿಟ್ಟದ್ದು) ತನ್ನಿ, ಬರೀ ರಿಪೋರ್ಟ್ ಸಾಲದು. ಪಿಡಿ-ಎಲ್1 ಪರೀಕ್ಷೆಗೂ ಜೀನ್ ಪರೀಕ್ಷೆಗೂ ಬ್ಲಾಕ್ ಬೇಕು, ಊರಿನ ಲ್ಯಾಬ್‌ನಿಂದ ಅದನ್ನು ಕೇಳಿ ಪಡೆಯುವುದು ರೋಗಿಯ ಕಡೆಯವರ ಕೆಲಸ. ಒಪ್ಪಿಗೆ ಪತ್ರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಮುಂಬೈಯಲ್ಲಿ ಸಾಮಾನ್ಯವಾಗಿ ಮರಾಠಿ, ಹಿಂದಿ, ಇಂಗ್ಲಿಷ್ ಪ್ರತಿ ಮೇಜಿನ ಮೇಲಿರುತ್ತದೆ. ಕನ್ನಡ ಪ್ರತಿ ಬೇಕೆಂದು ಸಂಕೋಚವಿಲ್ಲದೆ ಕೇಳಿ, ನೈತಿಕ ಸಮಿತಿ ಒಪ್ಪಿದ ಅನುವಾದ ತರಿಸಲು ಕೆಲವು ದಿನ ಹಿಡಿದರೂ ಪರವಾಗಿಲ್ಲ. ರೋಗಿಗೆ ಓದಲು ಬಾರದಿದ್ದರೆ ಪತ್ರವನ್ನು ಪೂರ್ತಿ ಓದಿ ಹೇಳುವಾಗ ಒಬ್ಬ ತಟಸ್ಥ ಸಾಕ್ಷಿ ಪಕ್ಕದಲ್ಲಿದ್ದು ಸಹಿ ಮಾಡಬೇಕು. ಆ ಸಾಕ್ಷಿ ಪ್ರಯೋಗದ ತಂಡದವರಾಗಿರಬಾರದು, ಕನ್ನಡ ಬಲ್ಲವರಾಗಿರಬೇಕು. ಮುಂಬೈಯಲ್ಲಿರುವ ನಮ್ಮಂಥವರು ಒಂದು ಮಧ್ಯಾಹ್ನ ರಜೆ ಹಾಕಿ ಮಾಡಬಹುದಾದ ಕೆಲಸ ಇದು.